‘ನಾದಮಯ’ದ ತೋಡಿ, ಕ್ಲಾಸಿನ ತೋಡಿ

ಮೇಡಂ, ‘ಜೀವನ ಚೈತ್ರ’ದ ‘ನಾದಮಯ ಈ ಲೋಕವೆಲ್ಲ’ ತೋಡಿ ರಾಗ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕ್ಲಾಸಿನಲ್ಲಿ ಕಲಿತ ತೋಡಿಯ ಸ್ವರ ಹಿಡಿದು ಹಾರ್ಮೋನಿಯಂನಲ್ಲಿ ನುಡಿಸಿದರೆ ಹಾಡು ಬರುತ್ತಿಲ್ಲ ಅಂದಿರಿ. ಸಿನಿಮಾ ಹಾಡಿನಿಂದ ರಾಗ ಕಲಿಯಬಹುದಾ ಅಂತಲೂ ಕೇಳಿದ್ದೀರಿ.

ನಿಮ್ಮ ಕಿವಿ ಸರಿಯಾಗಿಯೇ ಇದೆ. ಹೆಸರು ಒಂದೇ, ರಾಗ ಬೇರೆ. ಅಣ್ಣಾವ್ರು ಹಾಡಿರುವುದು ಹಿಂದೂಸ್ತಾನಿ ತೋಡಿ. ಕರ್ನಾಟಕ ಪದ್ಧತಿಯಲ್ಲಿ ಅದಕ್ಕೆ ಹೊಂದುವುದು ಶುಭಪಂತುವರಾಳಿ, 45ನೇ ಮೇಳ (ಮೇಳ ಅಂದರೆ ಕರ್ನಾಟಕ ಪದ್ಧತಿಯ ಮೂಲ ರಾಗ). ನೀವು ಕಲಿತದ್ದು 8ನೇ ಮೇಳದ ಹನುಮತೋಡಿ.

ಹಾರ್ಮೋನಿಯಂನ ಬಿಳಿ ಮನೆ, ಕರಿ ಮನೆಗಳನ್ನು ಬೇರೆ ಬೇರೆ ಎಣಿಸಿ, ಬಿಳಿ 1ಕ್ಕೆ ಷಡ್ಜ (ಸ) ಇಟ್ಟುಕೊಳ್ಳಿ. ರಿ, ಗ, ಪ, ದ ಎರಡಕ್ಕೂ ಅವೇ: ಕರಿ 1, ಕರಿ 2, ಬಿಳಿ 5, ಕರಿ 4. ಮಧ್ಯಮಕ್ಕೆ (ಮ) ಬಿಳಿ 4 ಬಿಟ್ಟು ಕರಿ 3 ಒತ್ತಿ. ನಿಷಾದಕ್ಕೆ (ನಿ) ಕರಿ 5 ಬಿಟ್ಟು ಬಿಳಿ 7. ಎರಡೇ ಸ್ವರ, ಆದರೆ ಹಾಡು ತಟ್ಟನೆ ಸಿಗುತ್ತದೆ. ಗಾಂಧಾರ (ಗ) ಮಾತ್ರ ಹಾರ್ಮೋನಿಯಂನಲ್ಲಿ ಪೂರ್ತಿ ಸಿಗುವುದಿಲ್ಲ. ಹಿಂದೂಸ್ತಾನಿ ತೋಡಿಯಲ್ಲಿ ಅದು ಕರಿ 2ಕ್ಕಿಂತ ಒಂದು ಕೂದಲೆಳೆ ಕೆಳಗೆ ಕೂರುತ್ತದೆ. ತಂಬೂರಿ ಹಾಕಿಕೊಂಡು ಬಾಯಲ್ಲೇ ಹಿಡಿಯಬೇಕು.

ಈ ಹೆಸರಿನ ಗೊಂದಲದಲ್ಲಿ ನಾನೂ ಬಿದ್ದಿದ್ದೇನೆ. ‘ಬೈಜು ಬಾವ್ರಾ’ದ (1952) ‘ಮನ್ ತಡಪತ್’ ಕೇಳಿ ನೋಟ್‌ಬುಕ್ಕಿನಲ್ಲಿ ಠೀವಿಯಿಂದ ‘ಹಿಂದೋಳ’ ಅಂತ ಬರೆದುಕೊಂಡು ಹಿಂದೂಸ್ತಾನಿ ಮೇಷ್ಟ್ರ ಹತ್ತಿರ ಹೋದೆ. ಅವರು ಹಿಂಡೋಲ್ ಹಾಡಿದರು, ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಕರ್ನಾಟಕ ಪದ್ಧತಿಯ ಹಿಂದೋಳ ಅವರಿಗೆ ಮಾಲಕೌಂಸ್. ಅವರ ಹಿಂಡೋಲ್‌ನಲ್ಲಿ ಮಧ್ಯಮವೇ ತೀವ್ರ, ಅಂದರೆ ಮೇಲಿನ ಮ!

ಇನ್ನು ಸಿನಿಮಾ ಹಾಡಿನಿಂದ ಕಲಿಯುವುದು. ಗುರುತು ಹಿಡಿಯಲು ಖಂಡಿತ ಸಾಕು, ಹಾಡಲು ಸಾಲದು. ಮೂರು-ನಾಲ್ಕು ನಿಮಿಷದಲ್ಲಿ ರಾಗದ ಒಂದೆರಡು ಮುಖ್ಯ ಪ್ರಯೋಗ ಬರುತ್ತವೆ, ಅಷ್ಟೇ. ಮೇಲಾಗಿ ಕಥೆಗೆ ಏನು ಬೇಕೋ ಅದು ನಡೆಯುತ್ತದೆ. ‘ಬಸಂತ್ ಬಹಾರ್’ (1956) ನೋಡಿ. ‘ಕೇತಕಿ ಗುಲಾಬ್’ನಲ್ಲಿ ನಮ್ಮ ಗದಗಿನ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಪೈಪೋಟಿಯಲ್ಲಿ ಹಾಡುತ್ತಾರೆ. ಗೆಲ್ಲುವುದು ಮನ್ನಾ ಡೇ, ಯಾಕೆಂದರೆ ನಾಯಕನಿಗೆ ಇರುವುದು ಅವರ ದನಿ. ಆದರೆ ಬಸಂತ್ ರಾಗ ಹಿಡಿಯಬೇಕಾದರೆ ಸೋತವರ ಸಾಲುಗಳನ್ನೇ ಹತ್ತು ಸಲ ಕೇಳಿ.

ನಾನು ಮಾಡುವುದು ಹೀಗೆ. ಪಲ್ಲವಿಯ ಸ್ವರ ಮಾತ್ರ ಬರೆದುಕೊಳ್ಳುತ್ತೇನೆ. ನಡುವಿನ ವಾದ್ಯದ ತುಣುಕುಗಳ ತಂಟೆಗೆ ಹೋಗುವುದಿಲ್ಲ, ಅಲ್ಲಿ ಅನ್ಯಸ್ವರ (ರಾಗಕ್ಕೆ ಸೇರದ ಸ್ವರ) ಜಾಸ್ತಿ. ಆಮೇಲೆ ಅದೇ ರಾಗದ ಆಲಾಪ ಒಂದನ್ನು ಪೂರ್ತಿ ಕೇಳುತ್ತೇನೆ. ಪದಗಳ ನಡುವೆ ಸ್ವರ ಕಳೆದುಹೋಗುತ್ತದೆ ಅಂದರೆ ‘ಸನಾದಿ ಅಪ್ಪಣ್ಣ’ದ (1977) ಶೆಹನಾಯಿ ಭಾಗಗಳಿಂದ ಶುರು ಮಾಡಿ. ನುಡಿಸಿದವರು ಬಿಸ್ಮಿಲ್ಲಾ ಖಾನ್, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ.

ಕರಿ 3, ಬಿಳಿ 7 ಹಾಕಿ ಪಲ್ಲವಿ ನುಡಿಸಿ ರೆಕಾರ್ಡ್ ಮಾಡಿ ಇಲ್ಲೇ ಹಾಕಿ. ಗಾಂಧಾರ ಎಲ್ಲಿ ಕೂರುತ್ತಿದೆ ಅಂತ ಕೇಳಿ ಹೇಳುತ್ತೇನೆ.