ಪ್ರತಿಕ್ರಿಯೆ: ಹರಳಿನಲ್ಲಿ ದೋಷ ಯಾಕೆ ಬೇಕು?

ಸುರತ್ಕಲ್‌ನಿಂದ ಬರೆದವರಿಗೆ: ಸೂಪರ್‌ಕಂಡಕ್ಟರ್ (ತುಂಬ ತಣ್ಣಗಾದಾಗ ರೋಧವಿಲ್ಲದೆ ಕರೆಂಟ್ ಹರಿಸುವ ವಸ್ತು) ಹರಳು ಶುದ್ಧವಾಗಿದ್ದಷ್ಟೂ ಒಳ್ಳೆಯದಲ್ವಾ, ಬೇಕೆಂದೇ ದೋಷ (ಜೋಡಣೆ ತಪ್ಪಿದ ಅಥವಾ ಬೇರೆ ವಸ್ತು ಸೇರಿದ ಜಾಗ) ಯಾಕೆ ಸೇರಿಸುತ್ತಾರೆ ಅಂತ ಕೇಳಿದ್ದೀರಿ. ತುಂಬ ಒಳ್ಳೆಯ ಪ್ರಶ್ನೆ.

ಎರಡನೇ ಬಗೆಯ ಸೂಪರ್‌ಕಂಡಕ್ಟರ್ ಒಳಗೆ ಕಾಂತಕ್ಷೇತ್ರ ಸಣ್ಣ ಸುಳಿಗಳಾಗಿ ನುಗ್ಗುತ್ತದೆ. 1957ರಲ್ಲಿ ಭೌತವಿಜ್ಞಾನಿ ಅಬ್ರಿಕೊಸೊವ್ ತೋರಿಸಿದ್ದು ಇದನ್ನೇ. ಕರೆಂಟ್ ಹರಿಸಿದರೆ ಸುಳಿಗಳ ಮೇಲೆ ಪಕ್ಕಕ್ಕೆ ಬಲ ಬೀಳುತ್ತದೆ. ಅವು ಸರಿದರೆ ಬಿಸಿ ಹುಟ್ಟುತ್ತದೆ, ರೋಧ ಬರುತ್ತದೆ.

ಸುಳಿಯ ತಿರುಳಿನಲ್ಲಿ ಸೂಪರ್‌ಕಂಡಕ್ಟರ್ ಗುಣ ಅಳಿಸಿಹೋಗಿರುತ್ತದೆ. ಹಾಗೆ ಅಳಿಸಲು ಶಕ್ತಿ ಬೇಕು. ದೋಷವಿರುವಲ್ಲಿ ಆ ಗುಣ ಮೊದಲೇ ಕುಗ್ಗಿರುವುದರಿಂದ ಖರ್ಚು ಕಡಿಮೆ. ಹಾಗಾಗಿ ಸುಳಿ ಅಲ್ಲೇ ನಿಲ್ಲುತ್ತದೆ, ಮಲ್ಪೆಯಲ್ಲಿ ಲಂಗರು ಹಾಕಿದ ದೋಣಿಯಂತೆ. ವೈಬಿಸಿಒ (ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್ ಆಗಿರುವ ಸೂಪರ್‌ಕಂಡಕ್ಟರ್) ಪದರದಲ್ಲಿ ಬೇರಿಯಂ ಜಿರ್ಕೊನೇಟ್‌ನ ನ್ಯಾನೊ ಕಡ್ಡಿಗಳನ್ನು ಬೆಳೆಸುವುದು ಇದಕ್ಕೇ. ದೋಷದ ಅಗಲ ತಿರುಳಿನಷ್ಟೇ, ಅಂದರೆ ಕೆಲವೇ ನ್ಯಾನೊಮೀಟರ್ ಇದ್ದರೆ ಹಿಡಿತ ಜಾಸ್ತಿ. ದೋಷಗಳನ್ನು ಸುಮ್ನೆ ತುಂಬಿಸಿದರೆ ಮಾತ್ರ ಕರೆಂಟಿಗೇ ದಾರಿ ಕಡಿಮೆಯಾಗುತ್ತದೆ.