ಆ ‘ನೀವು’ ಯಾರು?

ಪ್ರಶ್ನೆ: ಅಯ್ಯನವರೇ, ನನ್ನ ಗಂಡ ಮಸ್ಕತ್‌ನಲ್ಲಿ ಡ್ರೈವರ್ ಆಗಿದ್ದರು. ಕೆಲಸ ಹೋಗಿ ಮೂರು ತಿಂಗಳ ಹಿಂದೆ ಊರಿಗೆ ಬಂದರು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಸಂಘದ ಸಾಲದ ಕಂತು, ಮಗಳ ನರ್ಸಿಂಗ್ ಫೀಸು ಎರಡೂ ತಲೆಯ ಮೇಲಿವೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಚರ್ಚಿನ ನಮ್ಮ ಸಭೆಯ ಅಕ್ಕ ಒಬ್ಬರಲ್ಲಿ ಹೇಳಿಕೊಂಡೆ. “ದೇವರನ್ನು ಮೊದಲು ಇಟ್ಟಿದ್ದರೆ ಈ ಚಿಂತೆ ಬರುತ್ತಿರಲಿಲ್ಲ, ಮತ್ತಾಯ ಆರು ಓದು” ಎಂದರು. ಓದಿದೆ. ಈಗ ಚಿಂತೆ ಮಾಡುತ್ತಿದ್ದೇನಲ್ಲಾ ಎಂಬುದೇ ಇನ್ನೊಂದು ಚಿಂತೆ. ಸಭಾಪಾಲಕರಿಗೆ ಹೇಳಲು ನಾಚಿಕೆ. ನನ್ನ ನಂಬಿಕೆ ಅಷ್ಟು ಕಡಿಮೆಯೇ?
– ಹೆಸರು ಬೇಡ, ಕುಂದಾಪುರ

ಉತ್ತರ: ತಂಗೀ, ಬೈಬಲಿನಲ್ಲಿ ಯೇಸು ‘ಚಿಂತೆ ಮಾಡಬೇಡಿರಿ’ ಎಂದು ಹೇಳುವ ಆ ಅಧ್ಯಾಯದಲ್ಲಿ ‘ಅಲ್ಪವಿಶ್ವಾಸಿಗಳೇ’ ಎಂಬ ಮಾತು ಇದೆ, ಮುಚ್ಚಿಡುವುದಿಲ್ಲ. ಆದರೆ ಯೇಸು ಹಾಗೆ ಕರೆದದ್ದು ಬಲೆ, ದೋಣಿ ಬಿಟ್ಟು ತನ್ನ ಹಿಂದೆ ಬಂದ ಶಿಷ್ಯರನ್ನೇ. ಕರೆದು ಮನೆಗೆ ಅಟ್ಟಲಿಲ್ಲ. ಆ ಸಾಲಿನಲ್ಲಿ ನೀವೂ ಕೂತಿದ್ದೀರಿ, ನಾನೂ ಕೂತಿದ್ದೇನೆ.

ನಮ್ಮ ಕನ್ನಡದಲ್ಲಿ ಒಂದು ತೊಡಕಿದೆ. ಅದೇ ಅಧ್ಯಾಯದಲ್ಲಿ ‘ನೀವು ಮೊದಲು ದೇವರ ರಾಜ್ಯಕ್ಕಾಗಿ ತವಕಪಡಿರಿ’ ಎಂದು ಓದುವಾಗ ಆ ‘ನೀವು’ ಮರ್ಯಾದೆಯ ನೀವು ಅನ್ನಿಸುತ್ತದೆ, ನಿಮ್ಮೊಬ್ಬರನ್ನೇ ಎದುರು ಕೂರಿಸಿ ಹೇಳಿದ ಹಾಗೆ. ಗ್ರೀಕ್ ಮೂಲದಲ್ಲಿ ಅದು ಬಹುವಚನ. ಅನ್ನ, ಬಟ್ಟೆ ಇವೆಲ್ಲ ನಿಮಗೆ ದೊರಕುತ್ತವೆ ಎಂಬಲ್ಲೂ ಅಷ್ಟೇ. ದೊರಕುವುದು ಹೇಗೆ ಎಂದರೆ ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯ ನೋಡಿ: ಆ ಮೊದಲ ವಿಶ್ವಾಸಿಗಳಲ್ಲಿ ಕೊರತೆಪಡುವವರು ಯಾರೂ ಇರಲಿಲ್ಲ, ಏಕೆಂದರೆ ಹೊಲ ಮನೆ ಇದ್ದವರು ಮಾರಿ ತಂದಿಟ್ಟರು. ಹಾಗಾಗಿ ಆ ಅಕ್ಕನಿಗೆ ನನ್ನದೊಂದು ಪ್ರಶ್ನೆ. ವಚನ ಕೊಟ್ಟಿರಿ ಸರಿ, ಹೊಲಿಯಲು ಎರಡು ಬ್ಲೌಸ್ ಕೊಟ್ಟಿರಾ?

‘ಮೊದಲು’ ಎಂಬುದನ್ನು ನಾನು ಕಲಿತದ್ದು ಅಮ್ಮನ ಅಡುಗೆಮನೆಯಲ್ಲಿ. ಅಪ್ಪ ಮಂಗಳೂರಿನ ಬಂದರಿನಲ್ಲಿ ಮಂಜಿಗಳಿಗೆ, ಅಂದರೆ ಸರಕಿನ ಹಾಯಿದೋಣಿಗಳಿಗೆ, ಹೆಂಚು ಹೇರುತ್ತಿದ್ದ. ಮಳೆಗಾಲದಲ್ಲಿ ಮಂಜಿ ಕಡಲಿಗಿಳಿಯದು, ಕೂಲಿಯೂ ಇಲ್ಲ. ಆಗಲೂ ಅಮ್ಮ ಕುಚ್ಚಲಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುತ್ತಿದ್ದಳು, ಸಭೆಯ ಬಡವರ ಪಾಲು ಎಂದು. ಒಂದು ಮಳೆಗಾಲದ ಆಟಿ ತಿಂಗಳಲ್ಲಿ ಸಭೆಯ ಹಿರಿಯರೊಬ್ಬರು ಅಂಥದೇ ಹಿಡಿಯಕ್ಕಿ ಕೂಡಿಸಿದ ಚೀಲವನ್ನು ನಮ್ಮ ಜಗಲಿಗೇ ತಂದಿಟ್ಟರು. ಅಮ್ಮನಿಗೆ ಎಷ್ಟು ಅವಮಾನವಾಯಿತೆಂದರೆ ಎರಡು ದಿನ ಚೀಲ ಬಿಚ್ಚಲಿಲ್ಲ. ಮೂರನೆಯ ದಿನ ಬಿಚ್ಚಿದಳು. ಅದರಿಂದಲೂ ಒಂದು ಹಿಡಿ ಡಬ್ಬಿಗೆ ಹೋಯಿತು.

ಚಿಂತೆ ಬೇಡ ಎಂದರೆ ಲೆಕ್ಕ ಬೇಡ ಎಂದಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಲೂಕ 14ರಲ್ಲಿ ಕೇಳಿದವನೂ ಯೇಸುವೇ. ಆದರೆ ಮತ್ತಾಯ 6ರಲ್ಲಿ ಚಿಂತೆಯ ಮಾತಿಗೆ ಸ್ವಲ್ಪ ಮುಂಚೆ ಇಬ್ಬರು ಯಜಮಾನರ ಮಾತು ಬರುತ್ತದೆ, ದೇವರು ಮತ್ತು ಧನ. ರಾತ್ರಿ ಎರಡಕ್ಕೆ ಎಬ್ಬಿಸಿ ಲೆಕ್ಕ ಕೇಳುವುದು ಯಾವ ಯಜಮಾನ ಎಂದು ನಿಮಗೇ ಗೊತ್ತು. ಅವನಿಗೆ ಹಗಲು ಹೊತ್ತು ಕೊಡಿ. ಕಾಗದ ಪೆನ್ನು ಹಿಡಿದು ಗಂಡನ ಜೊತೆ ಕೂತು ಬರೆಯಿರಿ. ಕಂತು ತಪ್ಪುವ ಮುಂಚೆಯೇ ಸಂಘದಲ್ಲಿ ಹೇಳಿ, ತಪ್ಪಿದ ಮೇಲೆ ಹೇಳಿದರೆ ಮಾತಿನ ಧಾಟಿಯೇ ಬೇರೆ. ಕಾಲೇಜಿನಲ್ಲಿ ಫೀಸನ್ನು ಭಾಗ ಮಾಡಿ ಕಟ್ಟಬಹುದೇ ಎಂದು ಕೇಳಿ. ನಿದ್ದೆ ಹೀಗೇ ಕೆಟ್ಟರೆ ಡಾಕ್ಟರರಿಗೆ ತೋರಿಸಿ, ಅದು ನಂಬಿಕೆಗೆಟ್ಟ ಕೆಲಸವಲ್ಲ.

ಸಭಾಪಾಲಕರಲ್ಲಿಗೂ ಹೋಗಿ. ನಾಚಿಕೆ ಇರಲಿ, ಅದನ್ನೂ ಕಟ್ಟಿಕೊಂಡೇ ಹೋಗಿ. ಗಂಡನನ್ನೂ ಕರೆದುಕೊಂಡು ಹೋಗಬೇಕು. ನಿಮ್ಮ ನಿದ್ದೆಯ ವಿಷಯ ಬರೆದಿದ್ದೀರಿ, ಅವರು ರಾತ್ರಿ ಎರಡು ಗಂಟೆಗೆ ಏನು ಮಾಡುತ್ತಿರುತ್ತಾರೆ ಎಂದು ಬರೆದಿಲ್ಲ.