ಲಂಡನ್ನಿನ ಲಕೋಟೆಯ ಮೇಲೆ ಮಿರ್ಚಿ ಇಟ್ಟು ತಿಂದವನ ಉತ್ತರ

ನಿಮ್ಮ ತಮ್ಮ ದಾವಣಗೆರೆಯಿಂದ ವಿಯೆಟ್ನಾಂಗೆ ಮೆಕ್ಕೆಜೋಳ ಕಳಿಸಲು ಹೊರಟಿದ್ದಾನೆ, ತಕರಾರು ಬಂದರೆ ಸಿಂಗಪುರದಲ್ಲಿ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥರ ತೀರ್ಪು, ಎಂದು ಒಪ್ಪಂದದಲ್ಲಿದೆ, ದೇಶಗಳು ಸುಂಕಕ್ಕಾಗಿ ಜಗಳವಾಡುವ ಈ ಕಾಲದಲ್ಲಿ ಅದಕ್ಕೆ ಭವಿಷ್ಯವಿದೆಯೇ ಅಥವಾ ದಾವಣಗೆರೆ ಕೋರ್ಟನ್ನೇ ಹಾಕಿಸಬೇಕೇ ಎಂದು ಕೇಳಿದ್ದೀರಿ. 2013ರಲ್ಲಿ ಆ ತಮ್ಮನ ಜಾಗದಲ್ಲಿ ನಾನಿದ್ದೆ.

ಇಪ್ಪತ್ತು ಕಂಟೇನರ್, ಹತ್ತಿರ ಹತ್ತಿರ 500 ಟನ್, ಚೆನ್ನೈ ಬಂದರಿನಿಂದ ಹೊರಟಿತು. ದಲ್ಲಾಳಿ ಕಳಿಸಿದ ಎರಡು ಪುಟದ ಒಪ್ಪಂದದ ಕೊನೆಯಲ್ಲಿ ಒಂದೇ ಸಾಲು: ಆರ್ಬಿಟ್ರೇಷನ್ ಲಂಡನ್ನಿನಲ್ಲಿ, ಗಾಫ್ಟಾ ನಿಯಮ 125ರಂತೆ. ಗಾಫ್ಟಾ ಎಂದರೆ ಕಾಳುಕಡಿ ವ್ಯಾಪಾರಿಗಳ ಅಂತರರಾಷ್ಟ್ರೀಯ ಸಂಘ. ಅದರ ಕಚೇರಿ ಲಂಡನ್ನಿನಲ್ಲಿದೆ. ನಾನು ದರ, ತೂಕ, ತೇವಾಂಶ ಶೇ 14 ಇಷ್ಟು ನೋಡಿ ಸಹಿ ಹಾಕಿದೆ. ಮಾಲು ಇಳಿದ ಮೇಲೆ, ಕಾಳು ಬೂಸ್ಟು ಹಿಡಿದಿದೆ, 38,000 ಡಾಲರ್ ಕೊಡಿ ಎಂದು ಕೊಂಡವರು ಪಟ್ಟು ಹಿಡಿದರು.

ಓದದೆ ಸಹಿ ಹಾಕಿದ್ದರಿಂದ ಮುಳುಗಿದೆ ಎಂದುಕೊಳ್ಳಬೇಡಿ. ಓದಿದ್ದರೂ ಹಾಕುತ್ತಿದ್ದೆ, ಆ ವ್ಯಾಪಾರದಲ್ಲಿ ಎಲ್ಲರೂ ಹಾಕುವುದು ಅದನ್ನೇ. ನನ್ನನ್ನು ಮುಳುಗಿಸಿದ್ದು ಆಮೇಲಿನ ಒಂದು ಕೆಲಸ. ನಿಮ್ಮ ಪರವಾಗಿ ಒಬ್ಬ ಆರ್ಬಿಟ್ರೇಟರನ್ನು ಹೆಸರಿಸಿ ಎಂದು ಲಂಡನ್ನಿನಿಂದ ಕೊರಿಯರ್ ಬಂತು. ಗುಮಾಸ್ತ, "ಸಾಹುಕಾರರೇ, ಇದಕ್ಕೆ ಉತ್ತರ ಕೊಡಬೇಕಲ್ಲವೇ?" ಎಂದ. ಪರಿಚಯದ ವಕೀಲರೊಬ್ಬರು ಫೋನಿನಲ್ಲೇ ನಕ್ಕು, ಉತ್ತರ ಕೊಟ್ಟರೆ ಅವರ ಅಧಿಕಾರ ಒಪ್ಪಿಕೊಂಡಂತೆ, ಸುಮ್ಮನಿರಿ ಎಂದರು. ಸುಮ್ಮನಿದ್ದೆ. ಮಂಡಿಯ ಮೇಜಿನ ಮೇಲೆ ಆ ಲಕೋಟೆ ತಿಂಗಳುಗಟ್ಟಲೆ ಬಿದ್ದಿತ್ತು. ಸಂಜೆ ಮಂಡಕ್ಕಿ ಮಿರ್ಚಿ ತರಿಸಿದಾಗ ತಟ್ಟೆಯ ಕೆಳಗೆ ಅದೇ. ಇಮೇಲ್‌ಗಳನ್ನೂ ತೆರೆಯಲಿಲ್ಲ.

ಹೊಟ್ಟೆ ಉರಿಯುವುದು ಇಲ್ಲಿ. ಗುಣಮಟ್ಟದ ಪರೀಕ್ಷೆ ಹಡಗಿಗೆ ಏರಿಸುವಾಗಲೇ ಅಂತಿಮ ಎಂದು ಅದೇ ಒಪ್ಪಂದದ ಮೊದಲ ಪುಟದಲ್ಲಿತ್ತು. ತೇವಾಂಶ 13.4 ಎಂಬ ಪ್ರಮಾಣಪತ್ರ, ಮುದ್ರೆ ಸಮೇತ, ಅದೇ ಮೇಜಿನ ಡ್ರಾಯರಿನಲ್ಲಿತ್ತು. ಲಕೋಟೆಗೂ ಆ ಕಾಗದಕ್ಕೂ ಒಂದು ಗೇಣು ಅಂತರ. ಸ್ಕ್ಯಾನ್ ಮಾಡಿ ಕಳಿಸಿದ್ದರೆ ಗೆಲ್ಲುತ್ತಿದ್ದೆ ಎಂದೇ ಈಗಲೂ ನಂಬಿದ್ದೇನೆ. ಅಲ್ಲಿ ಕೂತವರಿಗೆ ಸಿಕ್ಕಿದ್ದು ಕೊಂಡವರ ಕಾಗದ ಮಾತ್ರ, ತೀರ್ಪೂ ಹಾಗೆಯೇ ಬಂತು.

ಅದನ್ನು ಜಾರಿ ಮಾಡಿಸಲು ದಾವಣಗೆರೆಗೆ ಬರಲಿ, ವರ್ಷಗಟ್ಟಲೆ ಅಲೆದಾಡಿಸೋಣ ಎಂದುಕೊಂಡಿದ್ದೆ. ಆದರೆ ಆರ್ಬಿಟ್ರೇಷನ್ ಕಾಯ್ದೆಯ 2015ರ ತಿದ್ದುಪಡಿಯಿಂದ ಇಂಥ ವಿದೇಶಿ ತೀರ್ಪಿನ ಜಾರಿ ಅರ್ಜಿ ನೇರವಾಗಿ ಹೈಕೋರ್ಟಿಗೆ ಹೋಗುತ್ತದೆ. 2016ರಲ್ಲಿ ಬೆಂಗಳೂರಿಗೆ ಓಡಿದೆ. ಅಲ್ಲಿನ ವಕೀಲರು 1996ರ ಅದೇ ಕಾಯ್ದೆಯ 48ನೇ ಕಲಂ ತೋರಿಸಿದರು: ತೀರ್ಪು ತಪ್ಪು ಎಂದು ಅಲ್ಲಿ ಮತ್ತೆ ವಾದಿಸುವಂತಿಲ್ಲ, ನೋಟಿಸೇ ಬರಲಿಲ್ಲ ಎಂಬಂಥ ಕೆಲವೇ ಕಾರಣಗಳಿಗೆ ಅವಕಾಶ. ಆಮೇಲೆ ಎಣ್ಣೆ ಹೀರಿದ ಲಕೋಟೆಯನ್ನು ಬೆಳಕಿಗೆ ಹಿಡಿದು, "ನೋಟಿಸು ಬಂದಿದೆಯಲ್ಲ" ಎಂದರು. ಬಡ್ಡಿ ಸೇರಿ ಕಟ್ಟಿದೆ. ಹಳೇಪೇಟೆಯ ಒಂದು ಮಳಿಗೆ ಹೋಯಿತು.

ಈಗ ನಿಮ್ಮ ಪ್ರಶ್ನೆ. ಭವಿಷ್ಯದ ಚಿಂತೆ ನಿಮ್ಮ ತಮ್ಮನಿಗೆ ಬೇಡ. ಒಂದು ದೇಶದ ಆರ್ಬಿಟ್ರೇಷನ್ ತೀರ್ಪನ್ನು ಇನ್ನೊಂದು ದೇಶ ಜಾರಿ ಮಾಡಬೇಕೆನ್ನುವ 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತ 1960ರಲ್ಲೇ ಸೇರಿದೆ, ಇಂದು 170ಕ್ಕೂ ಹೆಚ್ಚು ದೇಶಗಳಿವೆ, ವಿಯೆಟ್ನಾಂ ಕೂಡ. ನನ್ನ ಕುತ್ತಿಗೆಗೆ ಬಂದ ಹಗ್ಗವೇ ನಿಮ್ಮ ತಮ್ಮ ಗೆದ್ದರೆ ಕೊಂಡವರನ್ನು ಕಟ್ಟುತ್ತದೆ. ಕೋರ್ಟಿನ ಡಿಕ್ರಿಗೆ ಅಷ್ಟು ದೇಶಗಳು ಒಪ್ಪಿದ ಒಡಂಬಡಿಕೆಯಿಲ್ಲ. ದಾವಣಗೆರೆಯ ಡಿಕ್ರಿ ಹಿಡಿದು ವಿಯೆಟ್ನಾಂನ ಹೈಫಾಂಗ್ ಬಂದರಿನಲ್ಲಿ ಯಾರ ಬಾಗಿಲು ತಟ್ಟುತ್ತೀರಿ? ಸುಂಕದ ಜಗಳ ಹೆಚ್ಚಿದಷ್ಟೂ ವ್ಯಾಜ್ಯ ಹೆಚ್ಚುತ್ತದೆ, ಆರ್ಬಿಟ್ರೇಟರುಗಳಿಗೆ ಕೆಲಸವೂ ಹೆಚ್ಚುತ್ತದೆ.

ಖರ್ಚಿನ ಭಯ ಮಾತ್ರ ನಿಜ. ಆದರೆ ಸಿಂಗಪುರದ ಸಿಯಾಕ್ ಎಂಬ ಆರ್ಬಿಟ್ರೇಷನ್ ಕೇಂದ್ರದ 2025ರ ನಿಯಮಗಳಲ್ಲಿ ಹತ್ತು ಲಕ್ಷ ಸಿಂಗಪುರ ಡಾಲರ್‌ವರೆಗಿನ ವ್ಯಾಜ್ಯಕ್ಕೆ ಮೂರು ತಿಂಗಳಲ್ಲಿ ತೀರ್ಪು ಕೊಡುವ ಸರಳ ವಿಧಾನವಿದೆ. ಮೆಕ್ಕೆಜೋಳದವರಿಗೆ ಧಾರಾಳವಾಗಿ ಸಾಕು. ಒಪ್ಪಂದದಲ್ಲಿ ಸಿಂಗಪುರವೇ ಇರಲಿ.

ಒಪ್ಪಂದದಲ್ಲಿ ನೋಟಿಸು ಯಾವ ಇಮೇಲ್‌ಗೆ ಎಂಬ ಸಾಲನ್ನು ಇವತ್ತೇ ನೋಡಿ. ಅದು ತಮ್ಮ ದಿನವೂ ತೆರೆಯುವ ವಿಳಾಸವೇ ಎಂದು ಅವನನ್ನೇ ಕೇಳಿ, ಗುಮಾಸ್ತನನ್ನಲ್ಲ.